ಏಳು ತಿಂಗಳಲ್ಲಿ 38 ಪುಟ. ಬರೆಯೋಕೆ ನಿಮಗೆಲ್ಲ ಎಷ್ಟು ಹೊತ್ತು ಹಿಡಿಯುತ್ತದೆ?

ಚರಕದ ಮನೆ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಬರೆಯುವ ಅಭ್ಯಾಸ ಇರುವವರು ದಯವಿಟ್ಟು ಹೇಳಿ, ನಿಮಗೆ ಒಂದು ಪುಟ ಬರೆಯೋಕೆ ಎಷ್ಟು ಹೊತ್ತು ಬೇಕು?

ನಮ್ಮಮ್ಮ 22 ವರ್ಷ ಚರಕದ ಮುಂದೆ ಕೂತು ರೇಷ್ಮೆ ಗೂಡಿನಿಂದ ನೂಲು ತೆಗೆದವರು. ಅಪ್ಪ ಚರಕ ತಿರುಗಿಸುತ್ತಿದ್ದರು. ಆ ಮನೆಯ ಕತೆ ಬರೆಯಬೇಕು ಅಂತ ಯುಗಾದಿ ಹೊತ್ತಿಗೆ ಶುರು ಮಾಡಿದೆ. ಏಳು ತಿಂಗಳಾಯಿತು, ಆಗಿರುವುದು 38 ಪುಟ, ಅದೂ ನೋಟ್ ಬುಕ್ಕಿನ ಪುಟ. ನನ್ನ ಜೊತೆ ಓದಿದ ಗೆಳೆಯ ಒಬ್ಬ ಇದ್ದಾನೆ, ಶನಿವಾರ ರಾತ್ರಿ ಕೂತರೆ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಕತೆ ಮುಗಿಸಿ ಕಳಿಸುತ್ತಾನೆ. ಕತೆಯೂ ಚೆನ್ನಾಗಿರುತ್ತದೆ.

ನಾನು ಕೂರುವುದಿಲ್ಲ ಅಂತಲ್ಲ. ಬೆಳಿಗ್ಗೆ 5ಕ್ಕೆ ಎದ್ದು 6:30ರವರೆಗೆ ಬರೆಯುವುದಕ್ಕೇ ಅಂತ ಇಟ್ಟಿದ್ದೇನೆ, ಆಮೇಲೆ ಕೆಲಸಕ್ಕೆ ಹೋಗುವ ಬಸ್ಸು. ಒಂದೊಂದು ದಿನ ಎರಡು ಪುಟ ಸಲೀಸಾಗಿ ಆಗಿಬಿಡುತ್ತದೆ. ಆಮೇಲೆ ಹತ್ತು ದಿನ ಒಂದು ಸಾಲೂ ಇಲ್ಲ. ಈಗ ಮೂರು ವಾರದಿಂದ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೇನೆ. ಅಮ್ಮ ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿ ತೆಗೆಯುವ ಜಾಗ ಅದು. "ನೀರು ಕುದಿಯುತ್ತಿತ್ತು" ಅಂತ ಬರೆಯುತ್ತೇನೆ, ಹೊಡೆದು ಹಾಕುತ್ತೇನೆ, ಮತ್ತೆ ಅದನ್ನೇ ಬರೆಯುತ್ತೇನೆ. ಎಣಿಸಿ ನೋಡಿದೆ, 11 ಸಲ ಆಗಿದೆ.

ಇದು ಅಭ್ಯಾಸ ಸಾಲದೆ ಆಗುತ್ತಿರುವುದಾ? ದಿನಕ್ಕೆ ಇಷ್ಟು ಪದ ಅಂತ ಲೆಕ್ಕ ಇಟ್ಟುಕೊಳ್ಳಬೇಕಾ? ಅಮ್ಮನಿಗೆ ಈಗ ಕಣ್ಣು ಮಂಜು, ಅವರಿಗೆ ನಾನೇ ಓದಿ ಹೇಳಬೇಕು ಅಂತ ಆಸೆ. ಅದಕ್ಕೇ ಈ ಆತುರ.

ಗುಬ್ಬಿ ಗೇಟ್, ತುಮಕೂರು

ನಾನು 14 ವರ್ಷದಿಂದ ಪತ್ರಿಕೆಗೆ ವರದಿ ಬರೆಯುತ್ತಿದ್ದೇನೆ. 300 ಪದದ ಸುದ್ದಿಗೆ 25 ನಿಮಿಷ ಸಾಕು. ಆದರೆ ಈ 25 ನಿಮಿಷವನ್ನು ನಂಬಬೇಡಿ.

ಕೊಬ್ಬರಿ ಬೆಲೆ ಬಿದ್ದಾಗ ಒಂದು ಸಲ ತಿಪಟೂರಿಗೆ ಹೋಗಿದ್ದೆ. ಹೋಗೋಕೆ ಬಸ್ಸಿನಲ್ಲಿ ಎರಡು ಗಂಟೆ, ಮಾರುಕಟ್ಟೆಯಲ್ಲಿ ಚೀಲಗಳ ಪಕ್ಕ ನಿಂತು ರೈತರ ಹತ್ತಿರ, ವರ್ತಕರ ಹತ್ತಿರ ಮಾತಾಡಿದ್ದು ಮೂರು ಗಂಟೆ, ವಾಪಸ್ ಬರೋಕೆ ಮತ್ತೆ ಎರಡು ಗಂಟೆ, ಆ ಹೊತ್ತಿಗೆ ಮೊದಲ ಸಾಲು ಏನು, ಯಾರ ಮಾತು ಎಲ್ಲಿ ಬರಬೇಕು ಅನ್ನುವುದೆಲ್ಲ ಬಸ್ಸಿನಲ್ಲೇ ತೀರ್ಮಾನ ಆಗಿತ್ತು. ಕಂಪ್ಯೂಟರ್ ಮುಂದೆ ಕೂತಿದ್ದು 25 ನಿಮಿಷ. ಹಿಂದಿನ ಏಳು ಗಂಟೆಯನ್ನು ಯಾರೂ ಬರೆದ ಹೊತ್ತು ಅಂತ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಅಲ್ವಾ?

ಅದೇ ನಾನು ನಮ್ಮಜ್ಜಿ ಬಗ್ಗೆ 700 ಪದ ಬರೆಯೋಕೆ ಎರಡು ತಿಂಗಳು ತಗೊಂಡೆ. ರಾಗಿ ಬೀಸುವಾಗ ಅಜ್ಜಿ ಹಾಡುತ್ತಿದ್ದಳು ಅಂತ ಬರೆದು ನಿಂತುಬಿಟ್ಟೆ. ಸಾಲು ಚೆನ್ನಾಗಿಲ್ಲ, ಭಾಷೆ ಸರಿಯಿಲ್ಲ ಅಂದುಕೊಂಡು ತಿದ್ದಿದ್ದೇ ತಿದ್ದಿದ್ದು. ಕೊನೆಗೆ ಗೊತ್ತಾಗಿದ್ದು, ಅವಳು ಯಾವ ಹಾಡು ಹೇಳುತ್ತಿದ್ದಳು ಅಂತಲೇ ನನಗೆ ಗೊತ್ತಿಲ್ಲ! ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವರು ಎರಡು ಸಾಲು ಹಾಡಿಯೇ ತೋರಿಸಿದರು. ಉಳಿದಿದ್ದು ಅವತ್ತು ರಾತ್ರಿ ಮುಗಿಯಿತು.

ನೀವು 11 ಸಲ ಹೊಡೆದು ಹಾಕಿದ ಸಾಲೂ ಹೀಗೇ ಇರಬಹುದು. ಆ ನೀರಿನ ಬಗ್ಗೆ ನಿಮಗೆ ಗೊತ್ತಿಲ್ಲದ್ದು ಏನೋ ಇದೆ. ಅಮ್ಮ ಪಕ್ಕದಲ್ಲೇ ಇದ್ದಾರೆ, ಕೇಳಿ.

ಪದದ ಲೆಕ್ಕದ ಬಗ್ಗೆ ಒಂದು ಮಾತು. ಇಂಗ್ಲೆಂಡಿನ ಆಂಟನಿ ಟ್ರೋಲಪ್ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿಕೊಂಡೇ ರಾಶಿ ಕಾದಂಬರಿ ಬರೆದರು. ಬೆಳಿಗ್ಗೆ 5:30ಕ್ಕೆ ಕೂತು, ಎದುರಿಗೆ ಗಡಿಯಾರ ಇಟ್ಟು, ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರು. ಇದನ್ನು ಎಲ್ಲರೂ ಹೇಳುತ್ತಾರೆ. ಕೂತ ಮೂರು ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದಕ್ಕೇ ಹೋಗುತ್ತಿತ್ತು ಅಂತ ಅವರೇ ಬರೆದುಕೊಂಡಿದ್ದಾರೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇನ್ನೊಂದು, ಇಂಗ್ಲಿಷಿನ ಲೆಕ್ಕ ನಮಗೆ ಹಾಕೋಕೆ ಆಗಲ್ಲ. "ಹೋಗಬೇಕಾಗಿತ್ತಲ್ಲ" ಅನ್ನುವುದು ನಮಗೆ ಒಂದೇ ಪದ, ಅವರಿಗೆ ಅದು ನಾಲ್ಕೋ ಐದೋ ಪದದ ಮಾತು. ಲೆಕ್ಕ ಬೇಕು ಅಂದರೆ ಪುಟದ ಲೆಕ್ಕ ಇಡಿ.

ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ನಾನು ನಿಮ್ಮ ಗೆಳೆಯನ ಥರದವನು, ಬೇಗ ಬರೆಯುತ್ತೇನೆ. ಅದಕ್ಕೇ ಗುಬ್ಬಿ ಗೇಟ್ ಅವರ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಗೊತ್ತಿಲ್ಲದ ಜಾಗ ಬಂದಾಗಲೆಲ್ಲ ಎದ್ದು ಕೇಳೋಕೆ ಹೋದರೆ ಬರೆಯುವ ಓಟ ಮುರಿದುಹೋಗುತ್ತದೆ. ಬೆಳಿಗ್ಗೆ ಇರುವುದೇ ಒಂದೂವರೆ ಗಂಟೆ. ನಾನಾದರೆ ಆ ಜಾಗದಲ್ಲಿ ಎರಡು ಸಾಲು ಖಾಲಿ ಬಿಟ್ಟು, ಪಕ್ಕದಲ್ಲಿ ಒಂದು ಗುಂಡು ಸುತ್ತಿ, ಮುಂದೆ ಹೋಗುತ್ತೇನೆ. ನನ್ನ ಮೊದಲ ಪ್ರತಿ ನೋಡಿದರೆ ಪುಟಕ್ಕೆ ನಾಲ್ಕೈದು ಗುಂಡು ಇರುತ್ತವೆ. ಆಮೇಲೆ ಒಂದು ಭಾನುವಾರ ಎಲ್ಲ ಗುಂಡುಗಳಿಗೂ ಉತ್ತರ ಹುಡುಕಿಕೊಂಡು ಓಡಾಡುತ್ತೇನೆ.

ಎರಡು ರಾತ್ರಿಯಲ್ಲಿ ಬರೆದ ಕತೆಯನ್ನು ಮೂರು ತಿಂಗಳು ತಿದ್ದುತ್ತೇನೆ. ನಿಮ್ಮ ಗೆಳೆಯನನ್ನು ಒಂದು ಸಲ ಕೇಳಿ ನೋಡಿ, ಆ ಕತೆ ತಲೆಯಲ್ಲಿ ಎಷ್ಟು ದಿನದಿಂದ ಇತ್ತು ಅಂತ.

ಬೇಗ ಬರೆದದ್ದಕ್ಕೆ ದೊಡ್ಡ ಉದಾಹರಣೆ ರಷ್ಯಾದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿ. 1866ರಲ್ಲಿ ಪ್ರಕಾಶಕನಿಗೆ ಕೊಟ್ಟ ಗಡುವು ಮುಗಿಯುತ್ತಾ ಬಂದಿತ್ತು, ತಪ್ಪಿದರೆ ಬರೆದಿದ್ದರ ಹಕ್ಕೇ ಕೈತಪ್ಪುವ ಕರಾರು. ಅನ್ನಾ ಅನ್ನುವ ಶೀಘ್ರಲಿಪಿ ಕಲಿತ ಹುಡುಗಿಗೆ ಬಾಯಲ್ಲಿ ಹೇಳಿ ಬರೆಸಿ 26 ದಿನದಲ್ಲಿ ಒಂದು ಕಾದಂಬರಿ ಮುಗಿಸಿದರು. ಅದು ಜೂಜುಕೋರನ ಕತೆ. ಜೂಜಿನ ಗೀಳು ಅವರಿಗೇ ಇತ್ತು, ಸೋತು ಸಾಲ ಮಾಡಿಕೊಂಡಿದ್ದರು. ಹೊಸದಾಗಿ ತಿಳಿದುಕೊಳ್ಳಬೇಕಾದ್ದು ಏನೂ ಇರಲಿಲ್ಲ, ಹೇಳುವುದಷ್ಟೇ ಬಾಕಿ ಇತ್ತು.

ನೀವೂ ಫೋನಿಗೆ ಮಾತಾಡಿ ನೋಡಿ. ನಮ್ಮ ಕಡೆಯ ಮಾತನ್ನು ಅದು ಅಲ್ಲಲ್ಲಿ ತಪ್ಪು ಬರೆಯುತ್ತದೆ, ಪರವಾಗಿಲ್ಲ. ಹೊಡೆದು ಹಾಕುವ ಅಭ್ಯಾಸ ಇರುವವರಿಗೆ ಅದು ಒಳ್ಳೆಯದು, ಬಾಯಲ್ಲಿ ಹೇಳಿದ್ದನ್ನು ಹೊಡೆದು ಹಾಕೋಕೆ ಆಗಲ್ಲ.

ಹಿಪ್ಪುನೇರಳೆ, ಚಿಂತಾಮಣಿ ತಾಲ್ಲೂಕು

ನಾನು ಬರೆಯುವವನಲ್ಲ, ಓದುವವನು. ಹುಳು ಸಾಕುತ್ತೇನೆ. ನಿಮಗೆ ಗೊತ್ತಿರುವ ವಿಷಯವೇ. ಹುಳು ಗೂಡು ಕಟ್ಟೋಕೆ ಮುಂಚೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಚರ್ಮ ಬದಲಿಸೋಕೆ ಸುಮ್ಮನಾಗುತ್ತದೆ. ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಸೊಪ್ಪು ಮುಟ್ಟಲ್ಲ. ಹೊಸಬರು ನೋಡಿದರೆ ಹುಳುಗೆ ಏನೋ ಆಯಿತು ಅಂತ ಹೆದರುತ್ತಾರೆ. ಆ ಹೊತ್ತಿನಲ್ಲಿ ನಾವು ಸೊಪ್ಪು ಹಾಕುವುದಿಲ್ಲ, ಸುಣ್ಣದ ಪುಡಿ ಉದುರಿಸಿ ಕಾಯುತ್ತೇವೆ. ಹಳೆ ಚರ್ಮ ಕಳಚಿ ಎದ್ದ ಮೇಲೆ ಮೇವು. ನಾಲ್ಕನೇ ಜ್ವರ ಎದ್ದ ಮೇಲಂತೂ ಕೇಳಲೇಬೇಡಿ, ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ಕೊನೆಯ ವಾರ ಒಂದರಲ್ಲೇ ತಿಂದುಬಿಡುತ್ತದೆ, ಹಗಲು ರಾತ್ರಿ ಸೊಪ್ಪು ತರೋಕೆ ನಮಗೆ ಕೈಕಾಲು ಸಾಲುವುದಿಲ್ಲ.

ನಿಮ್ಮ ಹತ್ತು ದಿನದ ಸುಮ್ನೆ ಕೂರುವಿಕೆ ಜ್ವರ ಇರಬಹುದು. ಮೂರು ವಾರ ಅಂದರೆ ಮಾತ್ರ ಸ್ವಲ್ಪ ಜಾಸ್ತಿ ಆಯಿತು, ತಟ್ಟೆ ತೆಗೆದು ನೋಡಬೇಕು.

ಮುಳಬಾಗಿಲು ಮೇಡಂ

ತಮ್ಮಾ, ಒಂದು ಪ್ರಶ್ನೆ. ಮನೆಯಲ್ಲಿ ನೀವು ಮಾತಾಡುವುದು ತೆಲುಗಾ?

ಚರಕದ ಮನೆ, ಶಿಡ್ಲಘಟ್ಟ

ಹೌದು ಮೇಡಂ. ಅಮ್ಮನ ಜೊತೆ ಪೂರ್ತಿ ತೆಲುಗೇ. ಕನ್ನಡ ಸ್ಕೂಲಲ್ಲಿ ಕಲಿತಿದ್ದು, ಈಗ ಹೊರಗೆಲ್ಲ ಕನ್ನಡವೇ.

ಮುಳಬಾಗಿಲು ಮೇಡಂ

ಹಾಗಾದರೆ ನಿಮ್ಮ ನಿಧಾನಕ್ಕೆ ಇನ್ನೊಂದು ಕಾರಣ ಇದೆ. ನನಗೂ ಅದೇ ಆಗಿತ್ತು, ಅದಕ್ಕೇ ಕೇಳಿದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನ್ನ ಮನೆಮಾತೂ ತೆಲುಗು. ಒಂದು ತಿಂಗಳು ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟು ನೋಡಿದೆ, ಯಾವ ದಿನ ಎಷ್ಟು ಸಾಲು, ಯಾವ ಜಾಗದಲ್ಲಿ ಪೆನ್ನು ನಿಂತಿತು ಅಂತ. ಉತ್ತರ ಪತ್ರಿಕೆ ತಿದ್ದಿ ಸುಸ್ತಾದ ದಿನವೇ ಕಡಿಮೆ ಬರೆದಿರುತ್ತೇನೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಹೊಲ, ಮಳೆ, ಬಸ್‌ಸ್ಟ್ಯಾಂಡ್, ಸಂತೆ ಬರೆಯುವಾಗ ಸುಸ್ತಿದ್ದರೂ ಸಾಲು ಬರುತ್ತಿತ್ತು. ಮನೆಯೊಳಗೆ ಯಾರಾದರೂ ಬಾಯಿ ತೆರೆದ ತಕ್ಷಣ ನಿಲ್ಲುತ್ತಿತ್ತು. ಯಾಕೆಂದರೆ ನನ್ನ ಕಿವಿಯಲ್ಲಿ ಅವರು ತೆಲುಗಿನಲ್ಲಿ ಮಾತಾಡುತ್ತಿದ್ದರು, ಕೈ ಕನ್ನಡದಲ್ಲಿ ಬರೆಯಬೇಕಾಗಿತ್ತು. ಕನ್ನಡಕ್ಕೆ ತಂದ ತಕ್ಷಣ ಅದು ನಮ್ಮ ಅತ್ತೆಯ ಮಾತು ಅನ್ನಿಸುತ್ತಲೇ ಇರಲಿಲ್ಲ, ಪಾಠದ ಪುಸ್ತಕದ ಅತ್ತೆ ಮಾತಾಡಿದ ಹಾಗಿತ್ತು.

ನಿಮ್ಮ ನೀರಿನ ಸಾಲನ್ನೇ ನೋಡಿ. ನೀರು ಕಾಯಿತಾ ಅನ್ನುವುದಕ್ಕೆ ಮನೆಯಲ್ಲಿ "ನೀಳ್ಳು ಕಾಗಿನಾಯಾ?" ಅನ್ನುತ್ತಾರೆ, ಅಲ್ವಾ? ತೆಲುಗಿನಲ್ಲಿ ನೀರು ಬಹುವಚನ. ಚಿಕ್ಕವಳಿದ್ದಾಗ ನಾನು ತರಗತಿಯಲ್ಲಿ "ನೀರು ಬಂದವು" ಅಂದು ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದೆ, ಅವತ್ತಿಂದ ನೀರು ಅಂತ ಬರೆಯುವಾಗೆಲ್ಲ ಒಂದು ಕ್ಷಣ ಕೈ ತಡೆಯುತ್ತದೆ. ಇಂಥ ಸಣ್ಣ ತಡೆ ಪುಟಕ್ಕೆ ಹತ್ತು ಸಲ ಬಂದರೆ ಬರವಣಿಗೆ ನಿಧಾನ ಆಗದೆ ಇನ್ನೇನು?

ನಾನು ಮಾಡಿದ್ದು ಇಷ್ಟೇ. ಮಾತು ಬಂದಾಗ ಅದನ್ನು ತೆಲುಗಿನಲ್ಲೇ, ಕನ್ನಡ ಅಕ್ಷರದಲ್ಲಿ ಬರೆದುಬಿಡುತ್ತೇನೆ. ನಿಲ್ಲುವುದಿಲ್ಲ. ಆಮೇಲೆ ಜೋರಾಗಿ ಓದಿಕೊಂಡು, ಯಾವುದು ಹಾಗೇ ಇರಬೇಕು, ಯಾವುದನ್ನು ನಮ್ಮ ಕೋಲಾರದ ಕಡೆಯ ಆಡುಮಾತಿಗೆ ತರಬೇಕು ಅಂತ ನೋಡುತ್ತೇನೆ. ಪುಸ್ತಕದ ಕನ್ನಡಕ್ಕೆ ಮಾತ್ರ ತರುವುದಿಲ್ಲ. ಇಲ್ಲಿ ರಾಬರ್ಟ್‌ಸನ್‌ಪೇಟೆಯವರ ಗುಂಡು ಸುತ್ತುವ ಉಪಾಯ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಮನೆಮಾತು ಬೇರೆ ಇದ್ದರೆ ಕನ್ನಡದಲ್ಲಿ ಬರೆಯೋಕೆ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಮಾಲೂರು ಕಡೆಯ ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಇಬ್ಬರಿಗೂ ಕನ್ನಡಕ್ಕೇ ಜ್ಞಾನಪೀಠ ಬಂತು. ನಿಧಾನದ ಬಗ್ಗೆ ಕೊರಗಲೂ ಬೇಡಿ. ಕುವೆಂಪು ಅವರಿಗೆ ರಾಮಾಯಣ ದರ್ಶನಂ ಮುಗಿಸೋಕೆ 1936ರಿಂದ 1945ರವರೆಗೆ ಒಂಬತ್ತು ವರ್ಷ ಹಿಡಿಯಿತು, ನಡುವೆ ಪಾಠ ಮಾಡುವ ಕೆಲಸವೂ ಇತ್ತು. ನಿಮ್ಮದು ಏಳು ತಿಂಗಳು.

ಇನ್ನೊಂದು. ಅಮ್ಮನಿಗೆ ಓದಿ ಹೇಳುವುದಕ್ಕೆ ಪುಸ್ತಕ ಮುಗಿಯುವವರೆಗೆ ಕಾಯುತ್ತಿದ್ದೀರಾ? ಯಾಕೆ? 38 ಪುಟ ಇದೆಯಲ್ಲ, ಇವತ್ತೇ ಓದಿ.

ಗುಬ್ಬಿ ಗೇಟ್, ತುಮಕೂರು

ಮೇಡಂ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಪಾವಗಡದ ಕಡೆಯ ವರದಿಗಾರ ಒಬ್ಬರು ಜನರ ಮಾತು ಬಂದ ಕಡೆ ಯಾವಾಗಲೂ ತಡ ಮಾಡುತ್ತಿದ್ದರು, ಅಲ್ಲಿನ ಮನೆಗಳಲ್ಲೂ ತೆಲುಗು ಜಾಸ್ತಿ. ನಾವು ಅವರನ್ನು ಸುಮ್ನೆ ಅವಸರ ಮಾಡುತ್ತಿದ್ದೆವು. ಈಗ ಬೇಜಾರಾಗುತ್ತಿದೆ.

ಚರಕದ ಮನೆ, ಶಿಡ್ಲಘಟ್ಟ

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಮೇಡಂ ಹೇಳಿದ ಹಾಗೆ ಅವತ್ತೇ ಸಂಜೆ ಅಮ್ಮನನ್ನು ಕೂರಿಸಿಕೊಂಡು ಓದಿದೆ. ಕನ್ನಡದಲ್ಲಿ ಓದುತ್ತಾ, ನಡುನಡುವೆ ತೆಲುಗಿನಲ್ಲಿ ಹೇಳುತ್ತಾ ಹೋದೆ. ನೀರಿನ ಜಾಗ ಬಂದಾಗ ಅಮ್ಮ ತಡೆದರು. "ಕುದಿಯೋ ನೀರಿಗೆ ಕೈ ಹಾಕ್ತಾರೇನೋ? ತಣ್ಣೀರು ಎಲ್ಲಿಟ್ಟೆ?" ಅಂದರು. ನನಗೆ ಅರ್ಥ ಆಗಲಿಲ್ಲ. ಬಲಗೈ ಪಕ್ಕದಲ್ಲಿ ಒಂದು ಅಲ್ಯೂಮಿನಿಯಂ ಬಟ್ಟಲಲ್ಲಿ ತಣ್ಣೀರು ಇರುತ್ತಿತ್ತಂತೆ, ಎಳೆ ಹಿಡಿಯುವ ಮುಂಚೆ ಬೆರಳು ಅದಕ್ಕೆ, ಹಿಡಿದ ಮೇಲೆ ಮತ್ತೆ ಅದಕ್ಕೆ, ದಿನವಿಡೀ ಹಾಗೇ. ಒಂದು ಗಂಟೆಗೆ ಆ ನೀರೂ ಬೆಚ್ಚಗಾಗುತ್ತಿತ್ತು, ಬದಲಾಯಿಸಿ ಕೊಡುತ್ತಿದ್ದವನು ನಾನೇ. ನಾನೇ! ಆರೇಳು ವರ್ಷದ ಹುಡುಗ, ಪೂರ್ತಿ ಮರೆತಿದ್ದೆ. ಅಮ್ಮ ಹೇಳುತ್ತಾ ಎರಡು ಬೆರಳು ಮುಂದೆ ಚಾಚಿ, ಗಾಳಿಯಲ್ಲೇ ಎಳೆ ಹಿಡಿದು, ಪಕ್ಕಕ್ಕೆ ಅದ್ದಿದ ಹಾಗೆ ಮಾಡಿ ತೋರಿಸಿದರು. ಕಣ್ಣು ಕಾಣದಿದ್ದರೂ ಬಟ್ಟಲು ಇದ್ದ ಜಾಗಕ್ಕೇ ಕೈ ಹೋಯಿತು.

ಮಾರನೆ ಬೆಳಿಗ್ಗೆ ನಾಲ್ಕು ಪುಟ ಆಯಿತು. ಅಮ್ಮನ ಮಾತೆಲ್ಲ ತೆಲುಗಿನಲ್ಲೇ ಬರೆದಿದ್ದೇನೆ, ಯಾವುದನ್ನು ಬದಲಾಯಿಸಬೇಕು ಅಂತ ಇನ್ನೂ ನೋಡಿಲ್ಲ. ಈಗ ಒಟ್ಟು 51 ಪುಟ, ಆರು ಗುಂಡು. ಅದರಲ್ಲಿ ನಾಲ್ಕು ಅಮ್ಮನಿಗೆ ಗೊತ್ತಿರುವ ವಿಷಯ. ಎರಡು ಅಪ್ಪನಿಗೆ ಮಾತ್ರ ಗೊತ್ತಿತ್ತು, ಅವರಿಲ್ಲ. ಅವರ ಜೊತೆ ಗೂಡು ಮಾರುಕಟ್ಟೆಗೆ ಹೋಗುತ್ತಿದ್ದ ಒಬ್ಬ ತಾತ ಇನ್ನೂ ಇದ್ದಾರೆ ಅಂತ ಅಮ್ಮ ಹೇಳಿದರು. ಭಾನುವಾರ ಅವರ ಮನೆಗೆ ಹೋಗುತ್ತೇನೆ.