ಡಿಲೇ ಪೆಡಲ್‌ನ ಮರುದನಿ ಮಂಕಾಗಿದೆ, ಯಾವ ಕೆಪಾಸಿಟರ್ ಬದಲಿಸಲಿ?

ಕೇಳಿದವರು, ಕೋಥ್ರೂಡ್, ಪುಣೆ:
ಪಿಟಿ2399 ಎಂಬ ಚಿಪ್ ಹಾಕಿ ನಾನೇ ಕಟ್ಟಿದ ಗಿಟಾರ್ ಡಿಲೇ ಪೆಡಲ್ (ಸ್ವರವನ್ನು ತುಸು ತಡವಾಗಿ ಮರುಕಳಿಸುವ ಪೆಟ್ಟಿಗೆ) ಕೆಲಸ ಮಾಡುತ್ತಿದೆ. ಆದರೆ ಮೂರನೆಯ ಮರುದನಿಯ ಹೊತ್ತಿಗೆ ಸ್ವರ ಗೋಡೆಯಾಚೆಯಿಂದ ಬಂದಂತೆ ಕೇಳಿಸುತ್ತದೆ. ಗಣೇಶೋತ್ಸವಕ್ಕೆ ಇಲ್ಲಿನ ಕನ್ನಡಿಗರ ಕಾರ್ಯಕ್ರಮದಲ್ಲಿ ಭಾವಗೀತೆಗಳಿಗೆ ನುಡಿಸಬೇಕು. ತಂತಿ ಮೀಟಿದ ಚುರುಕು ಮರುದನಿಯಲ್ಲೂ ಸ್ವಲ್ಪ ಉಳಿಯಬೇಕು. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಡೊಂಬಿವಲಿಯಿಂದ:
ನನ್ನದೂ ಇದೇ ಕಥೆ. ಮರುದನಿಯನ್ನು ಮತ್ತೆ ಒಳಗೆ ಕಳಿಸುವ ಫೀಡ್‌ಬ್ಯಾಕ್ ದಾರಿಯಲ್ಲಿ 10 ಕಿಲೋ ಓಮ್ ರೆಸಿಸ್ಟರ್ ಜತೆ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಕೂತಿತ್ತು. ಅಂದರೆ ಸುಮಾರು 1.6 ಕಿಲೋಹರ್ಟ್ಸ್‌ನಿಂದ ಮೇಲಿನದೆಲ್ಲ ಇಳಿಯುತ್ತಾ ಹೋಗುತ್ತದೆ. ಪ್ರತಿ ಮರುದನಿಯೂ ಅದೇ ದಾರಿಯಲ್ಲಿ ಮತ್ತೆ ಹಾಯುವುದರಿಂದ ಪ್ರತಿ ಸಲವೂ ಇನ್ನಷ್ಟು ಕತ್ತರಿ. 4.7 ನ್ಯಾನೋ ಹಾಕಿದರೆ ಈ ಮಿತಿ 3.4 ಕಿಲೋಹರ್ಟ್ಸ್‌ಗೆ ಏರುತ್ತದೆ ಎಂದು ಲೆಕ್ಕ ಹಾಕಿದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆಂದು ಶನಿವಾರ ರಜೆ ಹಾಕಿ, ದಾದರ್‌ನಲ್ಲಿ ಲೋಕಲ್ ಬದಲಿಸಿ, ಗ್ರಾಂಟ್ ರೋಡ್‌ನಲ್ಲಿಳಿದು ಮುಂಬೈನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಅಂಗಡಿಯವನು ಹತ್ತು ಕೆಪಾಸಿಟರ್‌ಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಮನೆಗೆ ಬಂದು ಹಾಕಿದರೆ ಮರುದನಿ ಮೊದಲಿಗಿಂತ ಮಂಕು! ಭೂತಗನ್ನಡಿಯಲ್ಲಿ ನೋಡಿದೆ. ಮೈಮೇಲೆ 472 (4.7 ನ್ಯಾನೋ) ಇರಬೇಕಿತ್ತು, ಇದ್ದದ್ದು 473. ಅದು 47 ನ್ಯಾನೋ. ಮಿತಿ 340 ಹರ್ಟ್ಸ್‌ಗೆ ಕುಸಿದಿತ್ತು.

ಅದನ್ನು ಕೀಳುವಾಗ ಸೋಲ್ಡರಿಂಗ್ ಐರನ್ ಹೆಚ್ಚು ಹೊತ್ತು ಒತ್ತಿದೆ. ಬೋರ್ಡಿನ ತಾಮ್ರದ ಬಿಲ್ಲೆ ಉಗುರಿನಂತೆ ಎದ್ದು ಬಂತು. ಎರಡನೆಯ ಶನಿವಾರ ಮತ್ತೆ ಹೋದೆ. ಕೆಪಾಸಿಟರ್‌ಗೆ 30 ರೂಪಾಯಿ, ಹೊಸ ಬೋರ್ಡಿಗೆ 280, ಐರನ್ ತುದಿಗೆ 120, ಹೊಸ ಚಿಪ್ಪಿಗೆ 60, ರೈಲು ಮತ್ತು ಊಟ ಬೇರೆ. ಮೂಗಿಗಿಂತ ಮೂಗುತಿ ಭಾರ. ಕೊನೆಗೆ 472 ಹಾಕಿದಾಗ ಚುರುಕೇನೋ ಬಂತು, ಜತೆಗೆ ಬಾಣಲೆಯಲ್ಲಿ ಎಣ್ಣೆ ಕಾದಂಥ ಸದ್ದೂ ಬಂತು. ಈಗ 682ಕ್ಕೆ (6.8 ನ್ಯಾನೋ) ನಿಂತಿದ್ದೇನೆ. ನನಗೆ ತೃಪ್ತಿಯಿದೆ.

ವಾಸ್ಕೋದಿಂದ:
ಪಿಟಿ2399 ಡಿಜಿಟಲ್ ಚಿಪ್. ಅದಕ್ಕೆ ಎಷ್ಟು ಕೆಪಾಸಿಟರ್ ಬದಲಿಸಿದರೂ ನಿಜವಾದ ಅನಲಾಗ್ ಸ್ವರ ಬರುವುದಿಲ್ಲ. ನಾನು ಎಂಎನ್3005 ಎಂಬ ಅನಲಾಗ್ ಡಿಲೇ ಚಿಪ್ ಹಿಡಿದು ಹೋದೆ. 1981ರ ಬಾಸ್ ಕಂಪನಿಯ ಡಿಎಂ-2 ಪೆಡಲ್‌ನಲ್ಲಿದ್ದದ್ದು ಅದೇ. ಮೊದಲು ತರಿಸಿದ ಎರಡು ಚಿಪ್‌ಗಳೂ ನಕಲಿ. ಸ್ಪಿರಿಟ್ ಹಚ್ಚಿ ಉಜ್ಜಿದರೆ ಮೇಲಿನ ಅಕ್ಷರ ಹತ್ತಿಗೆ ಬಂತು, ಕೆಳಗೆ ಬೇರೆಯೇ ಸಂಖ್ಯೆ. 2,600 ರೂಪಾಯಿ ನೀರಿಗೆ. ಮೂರನೆಯದು ಅಸಲಿ. ಜೂನ್ ಬಂದಾಗ ಇಲ್ಲಿನ ಉಪ್ಪು ಗಾಳಿಗೆ ಎರಡು ಪಾಟ್‌ಗಳು (ಗುಂಡಿ ತಿರುಗಿಸಿ ಬದಲಿಸುವ ರೆಸಿಸ್ಟರ್‌ಗಳು) ಕರಕರ ಎನ್ನತೊಡಗಿದವು, ಅವನ್ನೂ ಬದಲಿಸಿದೆ. ಆದರೂ ಆ ಮರುದನಿ ಕೇಳಿದ ದಿನ ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ನಿಂತಳು.

ಡೊಂಬಿವಲಿಯಿಂದ:
ವಾಸ್ಕೋದವರೇ, ಪ್ರಶ್ನೆ ಕೇಳಿದವರಿಗೆ ಚುರುಕು ಬೇಕು. ನಿಮ್ಮ ಚಿಪ್ಪಿನಲ್ಲಿ ಸ್ವರ ದಾಟಬೇಕಾದದ್ದು 4096 ಹಂತಗಳು. 300 ಮಿಲಿಸೆಕೆಂಡ್ ತಡ ಬೇಕೆಂದರೆ ಹಂತದಿಂದ ಹಂತಕ್ಕೆ ತಳ್ಳುವ ಕ್ಲಾಕ್ 6.8 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಅದರ ಅರ್ಧಕ್ಕಿಂತ ಕೆಳಗೇ ಫಿಲ್ಟರ್ ಕತ್ತರಿಸಬೇಕು. ಮಂಕುತನ ಅದರ ಹುಟ್ಟುಗುಣ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳಲು ಹೇಳುತ್ತಿದ್ದೀರಿ.

ವಾಸ್ಕೋದಿಂದ:
ಲೆಕ್ಕ ನನಗೂ ಬರುತ್ತದೆ. ಕಿವಿಯಿಂದ ಕೇಳಿ ಮಾತಾಡಿ. 473 ಮತ್ತು 472ರ ವ್ಯತ್ಯಾಸ ನೋಡದೆ ಬೆಸುಗೆ ಹಾಕಿದವರಿಂದ ಪಾಠ ಬೇಕಾಗಿಲ್ಲ.

ಪಿಂಪ್ರಿಯಿಂದ:
ಇಬ್ಬರೂ ಕೆಪಾಸಿಟರ್ ಮತ್ತು ಚಿಪ್ಪಿನಲ್ಲೇ ಸಿಕ್ಕಿಕೊಂಡಿದ್ದೀರಿ. ನಾನು ಮೂರು ತಿಂಗಳು ಹಾಳು ಮಾಡಿದ್ದು ಅಡಾಪ್ಟರ್‌ನಿಂದ. ಸಣ್ಣ ಸಿಳ್ಳೆಯೊಂದು ಮರುದನಿಯ ಹಿಂದೆಯೇ ಬರುತ್ತಿತ್ತು. ನಾಲ್ಕು ಅಡಾಪ್ಟರ್ ಕೊಂಡೆ, 1,450 ರೂಪಾಯಿ. 9 ವೋಲ್ಟ್ ಬ್ಯಾಟರಿ ಹಾಕಿದ ಕೂಡಲೇ ಸಿಳ್ಳೆ ನಿಂತಿತು. ಆಮೇಲೆ 5 ವೋಲ್ಟ್‌ಗೆ ಇಳಿಸುವ 78ಎಲ್05 ರೆಗ್ಯುಲೇಟರ್‌ಗೆ ಮೊದಲು 100 ಓಮ್ ರೆಸಿಸ್ಟರ್ ಮತ್ತು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದ ಮೇಲೆಯೇ ಅಡಾಪ್ಟರ್‌ನಲ್ಲಿ ನೆಮ್ಮದಿ.

ಇನ್ನೊಂದು. ಪಿಟಿ2399ರ ಆರನೇ ಪಿನ್ನಿಗೆ 27.6 ಕಿಲೋ ಓಮ್ ಇದ್ದರೆ 342 ಮಿಲಿಸೆಕೆಂಡ್ ತಡ ಸಿಗುತ್ತದೆ. ಅದರಾಚೆ ಎಳೆದಷ್ಟೂ ಸ್ವರ ಒರಟಾಗುತ್ತದೆ. ನಾನು 50ಕೆ ಪಾಟ್ ತೆಗೆದು 20ಕೆ ಹಾಕಿದೆ. ಉದ್ದನೆಯ ಮರುದನಿ ಹೋಯಿತು, ಅದರ ದುಃಖ ನನಗಿಲ್ಲ. ಕೆಪಾಸಿಟರ್ ಹಾಕುವುದೇ ಆದರೆ ಫಿಲ್ಮ್ ಬಗೆಯದನ್ನು ಹಾಕಿ, ಸೆರಾಮಿಕ್ ಬಗೆಯದನ್ನು ಮುಟ್ಟಬೇಡಿ.

ಡೊಂಬಿವಲಿಯಿಂದ:
ಎಲ್ಲ ಸೆರಾಮಿಕ್ ಒಂದೇ ಅಲ್ಲ. ಸಿ0ಜಿ ಬಗೆಯದು ಸ್ಥಿರವಾಗಿರುತ್ತದೆ. ಬೆರಳಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಟಕ್ ಎನ್ನುವುದು ಎಕ್ಸ್7ಆರ್‌ನಂಥ ಬಗೆಯವು.

ಪಿಂಪ್ರಿಯಿಂದ:
ಅಂಗಡಿಯಲ್ಲಿ ಚಿಲ್ಲರೆ ಕೊಳ್ಳುವಾಗ ಯಾವುದು ಯಾವ ಬಗೆ ಎಂದು ಬರೆದು ಕೊಡುತ್ತಾರೆಯೇ? ನಾನು ತಟ್ಟಿ ನೋಡಿಯೇ ಹೇಳುತ್ತಿದ್ದೇನೆ. ನನ್ನ ಪೆಡಲ್‌ನ ಸ್ವಿಚ್ ಒತ್ತಿದಾಗಲೆಲ್ಲ ಟಕ್ ಸದ್ದು ಕೇಳುತ್ತಿತ್ತು. ಫಿಲ್ಮ್ ಹಾಕಿದ ಮೇಲೆ ಹೋಯಿತು.

ವಾಸ್ಕೋದಿಂದ:
ಸ್ವಿಚ್ಚಿನ ಟಕ್ ಸದ್ದಿಗೆ ಸಾಮಾನ್ಯವಾಗಿ ಕಾರಣ ಇನ್‌ಪುಟ್‌ನಲ್ಲಿ ನೆಲಕ್ಕೆ (ಸರ್ಕ್ಯೂಟಿನ ಗ್ರೌಂಡ್‌ಗೆ) ಒಂದು ಮೆಗಾಓಮ್ ರೆಸಿಸ್ಟರ್ ಇಲ್ಲದಿರುವುದು. ಸೆರಾಮಿಕ್ ಮೇಲೆ ತಪ್ಪು ಹೊರಿಸಬೇಡಿ. ಈ ಒಂದು ಮಾತಿನಲ್ಲಿ ನಾನು ಡೊಂಬಿವಲಿಯವರ ಪಕ್ಷ.

ಕೇಳಿದವರು, ಕೋಥ್ರೂಡ್, ಪುಣೆ:
ಎಲ್ಲರಿಗೂ ವಂದನೆಗಳು. 103 (10 ನ್ಯಾನೋ) ಕಿತ್ತು ಆ ಜಾಗದಲ್ಲಿ ಐಸಿ ಸಾಕೆಟ್‌ನ ಎರಡು ತೂತುಗಳನ್ನು ಕತ್ತರಿಸಿ ಕೂರಿಸಿದ್ದೇನೆ. ಬೆಸುಗೆಯಿಲ್ಲದೆ ಬದಲಿಸಿ ಬದಲಿಸಿ ಕೇಳಬಹುದು. ಬುಧವಾರ ಪೇಠೆಯಲ್ಲಿ ಐದು ಅಂಗಡಿ ಸುತ್ತಿದರೂ 682 ಸಿಗಲಿಲ್ಲ. 472 ಮತ್ತು 222 (2.2 ನ್ಯಾನೋ) ಎರಡನ್ನೂ ಒಟ್ಟಿಗೆ ಸಿಕ್ಕಿಸಿದರೆ ನಡೆಯುತ್ತದೆಯೇ?

ಡೊಂಬಿವಲಿಯಿಂದ:
ಧಾರಾಳವಾಗಿ. 6.9 ನ್ಯಾನೋ ಆಗುತ್ತದೆ. ಕಾಲುಗಳನ್ನು ಗಿಡ್ಡ ಕತ್ತರಿಸಿ, ಇಲ್ಲವಾದರೆ ಡಬ್ಬಿಯ ಮುಚ್ಚಳಕ್ಕೆ ತಗುಲುತ್ತವೆ. ಚುರುಕು ಹೆಚ್ಚಾದ ಮೇಲೆ ರಿಪೀಟ್ ಗುಂಡಿ ಪೂರ್ತಿ ತಿರುಗಿಸಿದರೆ ಪೆಡಲ್ ತಾನಾಗಿಯೇ ಕೂಗಲು ಶುರು ಮಾಡಬಹುದು. ಹಾಡು ಶುರುವಾಗುವ ಮೊದಲೇ ಆ ಗುಂಡಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಗುರುತು ಹಾಕಿಕೊಳ್ಳಿ.