28 ಜಿಬಿ ಖಾಲಿ ಇದ್ದರೂ ಪೆನ್‌ಡ್ರೈವ್‌ಗೆ ಯಕ್ಷಗಾನದ ವಿಡಿಯೊ ಕಾಪಿ ಆಗುತ್ತಿಲ್ಲ

ಕಡಲಕರೆ: ಇಡೀ ರಾತ್ರಿಯ ಬಯಲಾಟದ ವಿಡಿಯೊವನ್ನು ಟಿವಿಯಲ್ಲಿ ಮನೆಯ ಹಿರಿಯರಿಗೆ ತೋರಿಸಬೇಕಾಗಿದೆ. ಪೆನ್‌ಡ್ರೈವ್‌ನಲ್ಲಿ 28 ಜಿಬಿ ಖಾಲಿ ಇದ್ದರೂ ಕಾಪಿ ಪ್ರತಿ ಸಲವೂ ನಡುವೆಯೇ ನಿಂತುಹೋಗುತ್ತಿದೆ. ನಿಜಕ್ಕೂ ಸಾಕಾಗಿಹೋಗಿದೆ, ದಯವಿಟ್ಟು ಪರಿಹಾರ ತಿಳಿಸಿ.

ಹಳೇಬೋರ್ಡ್: ಇದು ನಕಲಿ ಪೆನ್‌ಡ್ರೈವ್‌ನ ಲಕ್ಷಣ. ಸಣ್ಣ ಚಿಪ್ ಹಾಕಿ, ಹೆಚ್ಚು ಜಾಗ ತೋರಿಸುವಂತೆ ಫರ್ಮ್‌ವೇರ್ (ಡ್ರೈವ್‌ನೊಳಗಿನ ತಂತ್ರಾಂಶ) ತಿದ್ದಿ ಮಾರುವವರಿದ್ದಾರೆ. ಮೊದಲು ನಿಜವಾದ ಜಾಗ ಎಷ್ಟೆಂದು ಪರೀಕ್ಷಿಸುವ ಎಫ್3 ತಂತ್ರಾಂಶ ಓಡಿಸಿ ನೋಡಿ.

ತುಂಗಾತೀರ: ಫೈಲಿನ ಗಾತ್ರ, ಆಪರೇಟಿಂಗ್ ಸಿಸ್ಟಮ್, ಪೆನ್‌ಡ್ರೈವ್‌ನ ಫಾರ್ಮ್ಯಾಟ್ (ಫೈಲುಗಳನ್ನು ಜೋಡಿಸಿಡುವ ವಿಧಾನ) ಯಾವುದನ್ನೂ ನೀವು ಬರೆದಿಲ್ಲ. ಕಾಪಿ ನಿಂತ ಮೇಲೆ ಉಳಿದ ತುಣುಕು ಎಷ್ಟು ಬೈಟ್ ಇದೆ ಎಂದೂ ತಿಳಿಸಿ.

ಕಡಲಕರೆ: ಉಬುಂಟು ಸರ್. ಫೈಲ್ 11 ಜಿಬಿ. ಫಾರ್ಮ್ಯಾಟ್ ಅಂಗಡಿಯಿಂದ ತಂದಾಗ ಇದ್ದದ್ದೇ. ಟರ್ಮಿನಲ್‌ನಲ್ಲಿ ‘ಫೈಲ್ ಟೂ ಲಾರ್ಜ್’ ಎಂದು ಬರುತ್ತದೆ. ಉಳಿದ ತುಣುಕು 4,294,967,295 ಬೈಟ್.

ಹಳೇಬೋರ್ಡ್: ನಾನು ಹೇಳಿದ್ದೂ ಅದೇ. ಒಳಗಿರುವುದು 4 ಜಿಬಿ ಚಿಪ್. ಎಫ್3 ಓಡಿಸದೆ ಮುಂದಿನ ಚರ್ಚೆ ಬೇಡ.

ತುಂಗಾತೀರ: ಒಪ್ಪಲಾರೆ. ನಕಲಿ ಡ್ರೈವ್ ಸಾಮಾನ್ಯವಾಗಿ ಎಲ್ಲವನ್ನೂ ಬರೆದುಕೊಂಡಂತೆ ತೋರಿಸಿ, ಓದುವಾಗ ಕೆಟ್ಟ ಡೇಟಾ ಕೊಡುತ್ತದೆಯೇ ಹೊರತು ಇಷ್ಟು ಕರಾರುವಾಕ್ಕಾಗಿ ಒಂದು ಬೈಟಿನ ಮೇಲೆ ನಿಲ್ಲುವುದಿಲ್ಲ. ಆ ಸಂಖ್ಯೆ 2ರ 32ನೇ ಘಾತಕ್ಕಿಂತ ಸರಿಯಾಗಿ ಒಂದು ಕಡಿಮೆ, ಅಂದರೆ ನಿಮ್ಮ ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್32 ಇರಬೇಕು. ಫ್ಯಾಟ್32ರಲ್ಲಿ ಪ್ರತಿ ಫೈಲಿಗೂ ಹೆಸರು, ಗಾತ್ರ ಮುಂತಾದ ವಿವರ ಬರೆದಿಡುವ 32 ಬೈಟಿನ ಡೈರೆಕ್ಟರಿ ನಮೂದಿದ್ದು, ಅದರ ಕೊನೆಯ 4 ಬೈಟ್‌ಗಳಲ್ಲಿ ಮಾತ್ರ ಗಾತ್ರವನ್ನು ಬರೆಯಬೇಕಾದ್ದರಿಂದ, ಡ್ರೈವ್‌ನಲ್ಲಿ ಎಷ್ಟೇ ಜಾಗ ಉಳಿದಿದ್ದರೂ ಇದಕ್ಕಿಂತ ದೊಡ್ಡ ಸಂಖ್ಯೆ ಅಲ್ಲಿ ಹಿಡಿಸದು. ಒಳಗಿರುವುದನ್ನು ಬೇರೆಡೆ ಉಳಿಸಿಕೊಂಡು ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ವಿಧಾನಕ್ಕೆ ಫಾರ್ಮ್ಯಾಟ್ ಮಾಡಿ. ಅದರಲ್ಲಿ ಗಾತ್ರಕ್ಕೆ 64 ಬಿಟ್ ಇದೆ.

ನಡುಮನೆಸರ್ವರ್: ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಗುರುತಿಟ್ಟುಕೊಳ್ಳುವ ದಾಖಲೆ) ಇಲ್ಲ, ಬರೆಯುವಾಗ ಕಿತ್ತರೆ ಡೇಟಾ ಹೋಗಬಹುದು. ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿ, 4 ಕೆಬಿ ಕ್ಲಸ್ಟರ್ (ಜಾಗ ಹಂಚುವ ಘಟಕ) ಇಟ್ಟರೂ ಒಂದು ಫೈಲ್ 16 ಟಿಬಿ ಮುಟ್ಟಬಹುದು.

ತುಂಗಾತೀರ: ಟಿವಿ ಓದದಿದ್ದರೆ 16 ಟಿಬಿ ಕಟ್ಟಿಕೊಂಡು ಏನು ಮಾಡುವುದು? ಮೈಕ್ರೋಸಾಫ್ಟ್ ಎಕ್ಸ್‌ಫ್ಯಾಟ್‌ನ ವಿವರಗಳನ್ನು ಬಹಿರಂಗಪಡಿಸಿದ್ದೇ 2019ರಲ್ಲಿ. ಹಳೆಯ ಟಿವಿಯಾದರೆ ಎರಡನ್ನೂ ಹಾಕಿ ನೋಡಲೇಬೇಕು.

ಕಡಲಕರೆ: ಎರಡನ್ನೂ ನೋಡಿದೆ. ಟಿವಿ ಫ್ಯಾಟ್32 ಬಿಟ್ಟು ಬೇರೇನನ್ನೂ ಗುರುತಿಸುತ್ತಿಲ್ಲ.

ತುಂಗಾತೀರ: ಹಾಗಾದರೆ ಫ್ಯಾಟ್32ನ್ನೇ ಇಟ್ಟುಕೊಂಡು ವಿಡಿಯೊವನ್ನು ತುಂಡು ಮಾಡಿ. ಎಂಕೆವಿಟೂಲ್‌ನಿಕ್ಸ್ ಎಂಬ ತಂತ್ರಾಂಶ ಮರು ಎನ್‌ಕೋಡ್ ಮಾಡದೆ (ಚಿತ್ರವನ್ನು ಮತ್ತೆ ಸಂಕುಚಿಸದೆ) ಕತ್ತರಿಸುವುದರಿಂದ ಚಿತ್ರದ ಗುಣಮಟ್ಟ ಕೆಡುವುದಿಲ್ಲ. ಗಾತ್ರದ ಲೆಕ್ಕದಲ್ಲಿ ಕತ್ತರಿಸಿದರೆ ಭಾಗವತರ ಪದ್ಯದ ನಡುವೆಯೇ ತುಂಡಾಗಬಹುದು. ಆದ್ದರಿಂದ ಪದ್ಯ ಮುಗಿಯುವ ಸಮಯಗಳನ್ನು ಗುರುತಿಸಿ ಕೊಡಿ, ಪ್ರತಿ ತುಂಡೂ 3.9 ಜಿಬಿ ಒಳಗಿರಲಿ.