ಕೃಷಿ ರಾಜ್ಯ ಪಟ್ಟಿಯಲ್ಲಿದ್ದರೂ 2020ರ ಕೃಷಿ ಕಾಯ್ದೆಗಳನ್ನು ಸಂಸತ್ತು ಮಾಡಿದ್ದು ಯಾವ ಅಧಿಕಾರದಿಂದ?

ಪ್ರಶ್ನೆ: ಕುತೂಹಲಿ ಓದುಗ

ಕೇಂದ್ರ ಮತ್ತು ರಾಜ್ಯಗಳ ನಡುವೆ ಶಾಸನದ ವಿಷಯಗಳನ್ನು ಪಟ್ಟಿಮಾಡಿ ಹಂಚುವ ಸಂವಿಧಾನದ ಏಳನೇ ಅನುಸೂಚಿಯನ್ನು ಇತ್ತೀಚೆಗೆ ಮೊದಲಿನಿಂದ ಕೊನೆಯವರೆಗೆ ಓದಿದೆ. ರಾಜ್ಯ ಪಟ್ಟಿಯ 14ನೇ ನಮೂದಿನಲ್ಲಿ ಕೃಷಿ ಇದೆ, 28ನೇ ನಮೂದಿನಲ್ಲಿ ಮಾರುಕಟ್ಟೆಗಳೂ ಜಾತ್ರೆಗಳೂ ಇವೆ. ಹೀಗಿರುವಾಗ ರೈತರ ಉತ್ಪನ್ನಗಳ ಮಾರಾಟದ ಬಗ್ಗೆ ಸಂಸತ್ತು 2020ರಲ್ಲಿ ಕಾಯ್ದೆ ಮಾಡಿದ್ದಾದರೂ ಹೇಗೆ? ಆ ಕಾಯ್ದೆಗಳು ಒಳ್ಳೆಯವೋ ಕೆಟ್ಟವೋ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ, ಅದನ್ನು ಇಲ್ಲಿ ಮತ್ತೆ ತೆರೆಯುವುದು ಬೇಡ. ರಾಜ್ಯಕ್ಕೆ ಕೊಟ್ಟ ವಿಷಯದಲ್ಲಿ ಕೇಂದ್ರ ಕೈಹಾಕಲು ಸಂವಿಧಾನದಲ್ಲಿ ಎಲ್ಲಿ ದಾರಿ ಇದೆ ಎಂಬುದಷ್ಟೇ ನನ್ನ ಪ್ರಶ್ನೆ.

ಉತ್ತರ: ನಿವೃತ್ತ ವಕೀಲ

ರಾಜ್ಯ ಪಟ್ಟಿಯ 14 ಮತ್ತು 28ನೇ ನಮೂದುಗಳ ನಡುವೆ ಇರುವ 26 ಮತ್ತು 27ನ್ನು ಇನ್ನೊಮ್ಮೆ ಓದಿರಿ. ರಾಜ್ಯದೊಳಗಿನ ವ್ಯಾಪಾರ ವಾಣಿಜ್ಯವೂ ಸರಕುಗಳ ಉತ್ಪಾದನೆ, ಪೂರೈಕೆ ಮತ್ತು ವಿತರಣೆಯೂ ರಾಜ್ಯಕ್ಕೇ ಸೇರಿವೆ, ಆದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ 33ನೇ ನಮೂದಿಗೆ ಒಳಪಟ್ಟು. ಆ 33ನೇ ನಮೂದನ್ನು 1954ರ ಮೂರನೇ ತಿದ್ದುಪಡಿಯು ಈಗಿನ ರೂಪಕ್ಕೆ ತಂದಿತು. ಆಹಾರ ಪದಾರ್ಥಗಳು, ಎಣ್ಣೆಕಾಳು, ಜಾನುವಾರು ಮೇವು, ಹತ್ತಿ, ಸೆಣಬು ಇವುಗಳ ವ್ಯಾಪಾರ, ಉತ್ಪಾದನೆ ಮತ್ತು ಪೂರೈಕೆಯ ಮೇಲೆ ಸಂಸತ್ತಿಗೂ ಶಾಸನಾಧಿಕಾರ ದೊರೆತದ್ದು ಹಾಗೆ. ಮರುವರ್ಷವೇ ಬಂದ ಅಗತ್ಯ ವಸ್ತುಗಳ ಕಾಯ್ದೆ ನಿಂತಿರುವುದು ಈ ನಮೂದಿನ ಮೇಲೆಯೇ. ಬೆಳೆಯುವುದು ರಾಜ್ಯದ ವಿಷಯ. ಬೆಳೆದದ್ದು ಆಹಾರ ಪದಾರ್ಥವಾಗಿ ಮಾರಾಟಕ್ಕೆ ಬಂದೊಡನೆ ಅದು ಇಬ್ಬರ ವಿಷಯ.

2020ರ ಕೃಷಿ ಕಾಯ್ದೆಗಳಲ್ಲಿ ಒಂದಾದ, ಉತ್ಪನ್ನಗಳ ವ್ಯಾಪಾರದ ಕಾಯ್ದೆಯ ಕರಡನ್ನು ಬರೆದವರಿಗೆ 28ನೇ ನಮೂದಿನ ಭಯ ಇದ್ದೇ ಇತ್ತು ಎಂಬುದು ಅದರ ವ್ಯಾಖ್ಯೆಗಳನ್ನು ಓದಿದರೆ ತಿಳಿಯುತ್ತದೆ. ಅದು ರಾಜ್ಯಗಳ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಕಾಯ್ದೆಗಳನ್ನು ರದ್ದುಪಡಿಸಲಿಲ್ಲ. ಎಪಿಎಂಸಿಯ ಅಧಿಸೂಚಿತ ಪ್ರಾಂಗಣದ ಗೋಡೆಯ ಒಳಗಿನದನ್ನು ರಾಜ್ಯಕ್ಕೇ ಬಿಟ್ಟು, ಗೋಡೆಯ ಹೊರಗಿನ ಜಾಗವನ್ನೆಲ್ಲ ‘ವ್ಯಾಪಾರ ಪ್ರದೇಶ’ ಎಂದು ಕರೆದು, ಅಲ್ಲಿ ನಡೆಯುವ ಖರೀದಿಗೆ ರಾಜ್ಯ ಮಾರುಕಟ್ಟೆ ಶುಲ್ಕ ವಿಧಿಸಕೂಡದು ಎಂದು 6ನೇ ಕಲಮಿನಲ್ಲಿ ಹೇಳಿತು. ಮಾರುಕಟ್ಟೆಯನ್ನು ಮುಟ್ಟದೆ ವ್ಯಾಪಾರವನ್ನು ಮಾತ್ರ ಮುಟ್ಟುತ್ತಿದ್ದೇವೆ ಎಂಬುದು ವಾದ. ಜಾಣತನದ ಕರಡು ಎಂಬುದನ್ನು ಒಪ್ಪಲೇಬೇಕು. ಆದರೆ ಶುಲ್ಕವಿಲ್ಲದ ಜಾಗ ಪಕ್ಕದಲ್ಲೇ ಇರುವಾಗ ಶುಲ್ಕವಿರುವ ಪ್ರಾಂಗಣದೊಳಗೆ ಯಾರು ಕೊಳ್ಳುತ್ತಾರೆ? ರೂಪದಲ್ಲಿ ವ್ಯಾಪಾರದ ಕಾನೂನಾಗಿದ್ದರೂ ತಿರುಳಿನಲ್ಲಿ ಅದು ಮಾರುಕಟ್ಟೆಯ ಕಾನೂನೇ ಆಗಿತ್ತು ಎಂದು ವಾದಿಸಲು ರಾಜ್ಯಗಳಿಗೆ ಸಾಕಷ್ಟು ಆಸ್ಪದವಿತ್ತು. ಆ ವಾದದ ತೀರ್ಮಾನ ಆಗಲೇ ಇಲ್ಲ. ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಕಾಯ್ದೆಗಳ ಜಾರಿಗೆ ತಡೆ ನೀಡಿತು, ಅದೇ ವರ್ಷದ ನವೆಂಬರ್‌ನಲ್ಲಿ ಸಂಸತ್ತೇ ಅವನ್ನು ಹಿಂತೆಗೆದುಕೊಂಡಿತು, ಶಾಸನಾಧಿಕಾರದ ಪ್ರಶ್ನೆ ಹಾಗೆಯೇ ಉಳಿಯಿತು.

ಉತ್ತರ: ರಾಜ್ಯಶಾಸ್ತ್ರದ ಅಧ್ಯಾಪಕಿ

ಮೇಲಿನ ವಿವರಣೆ ಸರಿಯಾಗಿದೆ. ಆದರೆ ‘ಇಬ್ಬರ ವಿಷಯ’ ಎಂದಾಗ ಇಬ್ಬರೂ ಸಮಾನರು ಎಂಬ ಭಾವನೆ ಬರುತ್ತದೆ, ಅದು ನಿಜವಲ್ಲ. ಸಮವರ್ತಿ ಪಟ್ಟಿಯ ವಿಷಯದಲ್ಲಿ ಎರಡು ಕಾನೂನುಗಳು ಡಿಕ್ಕಿ ಹೊಡೆದರೆ 254ನೇ ವಿಧಿಯ ಪ್ರಕಾರ ಸಂಸತ್ತಿನ ಕಾನೂನೇ ಗೆಲ್ಲುತ್ತದೆ. ಅಷ್ಟೇ ಏಕೆ, ರಾಜ್ಯ ಪಟ್ಟಿಯ ಮೇಲಿನ ಅಧಿಕಾರವನ್ನು ರಾಜ್ಯಗಳಿಗೆ ಕೊಡುವ 246ನೇ ವಿಧಿಯ ಮೂರನೇ ಖಂಡವೂ ಮೊದಲ ಎರಡು ಖಂಡಗಳಿಗೆ ಒಳಪಟ್ಟೇ ಇದೆ. ಯಾವ ಪಟ್ಟಿಗೂ ಸೇರದ ಶೇಷಾಧಿಕಾರವೂ 248ನೇ ವಿಧಿಯಂತೆ ಕೇಂದ್ರದ್ದೇ. ಅಮೆರಿಕ ಮತ್ತು ಆಸ್ಟ್ರೇಲಿಯಾಗಳಲ್ಲಿ ಇದು ತಿರುವುಮುರುವು.

ರಾಜ್ಯಕ್ಕೆ ಒಂದು ಹಿಂಬಾಗಿಲು ಇದೆ. ಅದನ್ನು ಕರ್ನಾಟಕವೇ ಬಳಸಿ ತೋರಿಸಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಸಮವರ್ತಿ ಪಟ್ಟಿಯ 17ನೇ ನಮೂದು, ಆ ಬಗ್ಗೆ 1960ರ ಕೇಂದ್ರ ಕಾಯ್ದೆ ಇದೆ. ಜಲ್ಲಿಕಟ್ಟು ಈ ಕಾಯ್ದೆಗೆ ವಿರುದ್ಧ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಬಳಿಕ ಕರಾವಳಿಯ ಕಂಬಳಕ್ಕೂ ಕುತ್ತು ಬಂತು. ಆಗ ನಮ್ಮ ವಿಧಾನಮಂಡಲವು 2017ರಲ್ಲಿ ಕರ್ನಾಟಕಕ್ಕೆ ಅನ್ವಯಿಸುವಂತೆ ಆ ಕೇಂದ್ರ ಕಾಯ್ದೆಗೇ ತಿದ್ದುಪಡಿ ತಂದು, 254(2)ನೇ ವಿಧಿಯ ಅನ್ವಯ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಅಂಕಿತ ಸಿಕ್ಕರೆ ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನೇ ಮೇಲು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠವು ತಮಿಳುನಾಡು ಮತ್ತು ಮಹಾರಾಷ್ಟ್ರಗಳ ತಿದ್ದುಪಡಿಗಳೊಂದಿಗೆ ಕರ್ನಾಟಕದ್ದನ್ನೂ ಎತ್ತಿಹಿಡಿಯಿತು.

ಆದರೆ ರಾಷ್ಟ್ರಪತಿಗಳು ನಡೆಯುವುದು ಕೇಂದ್ರ ಸಚಿವ ಸಂಪುಟದ ಸಲಹೆಯಂತೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಿಂದ ವಿನಾಯಿತಿ ಕೋರಿ ತಮಿಳುನಾಡು 2017ರಲ್ಲಿ ಅಂಗೀಕರಿಸಿದ ಮಸೂದೆಗಳಿಗೆ ಅಂಕಿತ ದೊರೆಯಲಿಲ್ಲ. ಅಂದರೆ ಬಾಗಿಲಿನ ಚಿಲಕ ಒಳಗಿನವರ ಕೈಯಲ್ಲೇ ಇದೆ. ಶಿಕ್ಷಣ ಮೊದಲು ರಾಜ್ಯ ಪಟ್ಟಿಯಲ್ಲೇ ಇತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿಯು ಶಿಕ್ಷಣ, ಅರಣ್ಯ, ವನ್ಯಜೀವಿ ರಕ್ಷಣೆ ಮೊದಲಾದವನ್ನು ಸಮವರ್ತಿ ಪಟ್ಟಿಗೆ ಸಾಗಿಸಿತು.

ಉತ್ತರ: ಲೆಕ್ಕಪತ್ರ ಬಲ್ಲವನು

ನೀವೆಲ್ಲ ಶಾಸನದ ಮಾತನ್ನೇ ಆಡುತ್ತಿದ್ದೀರಿ. ಕೇಂದ್ರವು ಕೃಷಿಯೊಳಗೆ ಬರಲು ಕಾಯ್ದೆಯೇ ಬೇಕಾಗಿಲ್ಲ, ಹಣ ಸಾಕು. ಸಂಸತ್ತು ಕಾನೂನು ಮಾಡಲಾಗದ ವಿಷಯಕ್ಕೂ ಸಾರ್ವಜನಿಕ ಉದ್ದೇಶಕ್ಕಾಗಿ ಅನುದಾನ ಕೊಡಬಹುದು ಎಂದು 282ನೇ ವಿಧಿ ಹೇಳುತ್ತದೆ. ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ನೇರವಾಗಿ ರೈತನ ಬ್ಯಾಂಕ್ ಖಾತೆಗೆ ಬರುವಾಗ, ಕೃಷಿ ಯಾವ ಪಟ್ಟಿಯಲ್ಲಿದೆ ಎಂದು ಕೇಳುವವರು ಯಾರು?

ಇನ್ನೊಂದು ಬದಿಯಲ್ಲಿ ರಾಜ್ಯದ ಕೈಗೆ ಬರುವ ಹಣ ನೋಡಿ. 2021ರಿಂದ 2026ರವರೆಗಿನ ಅವಧಿಗೆ ಹದಿನೈದನೇ ಹಣಕಾಸು ಆಯೋಗ ಮಾಡಿದ ಶಿಫಾರಸಿನಂತೆ ಕೇಂದ್ರದ ವಿಭಾಜ್ಯ ತೆರಿಗೆಯಲ್ಲಿ, ಅಂದರೆ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ತೆರಿಗೆಯಲ್ಲಿ, ಶೇ 41ರಷ್ಟು ರಾಜ್ಯಗಳಿಗೆ ಸೇರಬೇಕಿತ್ತು. ಆದರೆ ಸೆಸ್ ಮತ್ತು ಸರ್ಚಾರ್ಜ್ ಈ ವಿಭಾಜ್ಯ ಮೊತ್ತಕ್ಕೆ ಸೇರುವುದಿಲ್ಲ. ಆದ್ದರಿಂದ ಕೇಂದ್ರಕ್ಕೆ ತೆರಿಗೆಯ ದರ ಏರಿಸುವುದಕ್ಕಿಂತ ಸೆಸ್ ಹಾಕುವುದು ಸದಾ ಲಾಭದಾಯಕ. ರಾಜ್ಯಗಳ ಪಾಲಿನೊಳಗೆ ಕರ್ನಾಟಕದ ಭಾಗವು ಹದಿನಾಲ್ಕನೇ ಆಯೋಗದಲ್ಲಿ ಶೇ 4.713 ಇದ್ದದ್ದು ಹದಿನೈದನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ತಲಾ ಆದಾಯ ಹೆಚ್ಚಿರುವ ರಾಜ್ಯಕ್ಕೆ ಕಡಿಮೆ ಕೊಡುವ ಸೂತ್ರದಲ್ಲಿ ತರ್ಕವಿಲ್ಲವೆಂದು ನಾನು ಹೇಳುವುದಿಲ್ಲ, ಬಡ ರಾಜ್ಯಗಳಿಗೂ ಶಾಲೆ ಆಸ್ಪತ್ರೆಗಳು ಬೇಕು. ಆದರೆ ಅಧಿಕಾರ ಹಂಚಿಕೆಯನ್ನು ಪಟ್ಟಿಗಳಲ್ಲಿ ಮಾತ್ರ ಹುಡುಕುವವರಿಗೆ ಈ ಅಂಕಿಗಳು ಕಾಣಿಸುವುದೇ ಇಲ್ಲ.

ಉತ್ತರ: ನಿವೃತ್ತ ವಕೀಲ

ಹಣದ ಮಾತು ಒಪ್ಪಿದೆ. ಆದರೂ ಪಟ್ಟಿಗಳನ್ನು ಅಷ್ಟು ಹಗುರವಾಗಿ ಕಾಣಬೇಡಿ. ಕಬ್ಬಿನ ಬೆಲೆಯನ್ನೇ ತೆಗೆದುಕೊಳ್ಳಿ. ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ದರ) ಎಂದು ಕರೆಯುವ ದರವನ್ನು ಅಗತ್ಯ ವಸ್ತುಗಳ ಕಾಯ್ದೆಯಡಿಯ 1966ರ ಕಬ್ಬು ನಿಯಂತ್ರಣ ಆದೇಶದಂತೆ ಕೇಂದ್ರವೇ ನಿಗದಿಪಡಿಸುತ್ತದೆ. ಮಂಡ್ಯದಲ್ಲೋ ಬೆಳಗಾವಿಯಲ್ಲೋ ರೈತರು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕುಳಿತಾಗ, ದರ ನಮ್ಮ ಕೈಯಲ್ಲಿಲ್ಲ ಎಂಬ ಉತ್ತರವನ್ನು ರಾಜ್ಯ ಸರ್ಕಾರ ಕೊಡುವುದು ಈ ಕಾರಣಕ್ಕೆ. ಆದರೆ ಆ ಉತ್ತರ ಅರ್ಧ ಸತ್ಯ. ಉತ್ತರ ಪ್ರದೇಶದ ಸಕ್ಕರೆ ಕಾರ್ಖಾನೆಗಳ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು 2020ರ ಏಪ್ರಿಲ್‌ನಲ್ಲಿ, ಕೇಂದ್ರ ನಿಗದಿಪಡಿಸುವುದು ಕನಿಷ್ಠ ದರವಾದ್ದರಿಂದ ಅದಕ್ಕಿಂತ ಹೆಚ್ಚಿನ ‘ಸಲಹಾ ದರ’ವನ್ನು ರಾಜ್ಯ ನಿಗದಿಪಡಿಸಿದರೆ ಎರಡರ ನಡುವೆ ಸಂಘರ್ಷವಿಲ್ಲ ಎಂದು ಹೇಳಿತು. ಇರುವ ಅಧಿಕಾರವನ್ನು ಬಳಸದೆ ದೆಹಲಿಯತ್ತ ಬೆರಳು ತೋರುವುದು ಎಲ್ಲ ಪಕ್ಷಗಳ ಸರ್ಕಾರಗಳಿಗೂ ಅನುಕೂಲಕರ ಅಭ್ಯಾಸ.

ಕುತೂಹಲಿ ಓದುಗ

ಎಲ್ಲರಿಗೂ ಧನ್ಯವಾದಗಳು, 26 ಮತ್ತು 27ನೇ ನಮೂದುಗಳನ್ನು ಈಗ ಓದಿಕೊಂಡೆ. ಕೇಂದ್ರವು ತನ್ನ ಎಲ್ಲೆ ಮೀರಿದೆ ಎಂದು ರಾಜ್ಯಕ್ಕೆ ಅನಿಸಿದರೆ ಅದು ಯಾರ ಬಳಿ ದೂರಬೇಕು?

ಉತ್ತರ: ರಾಜ್ಯಶಾಸ್ತ್ರದ ಅಧ್ಯಾಪಕಿ

131ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟ್‌ನಲ್ಲಿ ದಾವೆ ಹೂಡಬಹುದು. ರಾಜ್ಯದ ಸಾಲಕ್ಕೆ ಕೇಂದ್ರ ಹಾಕಿದ ಮಿತಿಯ ಕುರಿತು ಕೇರಳ ಹೂಡಿದ ದಾವೆ ಈ ಬಗೆಯದು; 2024ರಲ್ಲಿ ಅದನ್ನು ಸಂವಿಧಾನ ಪೀಠಕ್ಕೆ ಒಪ್ಪಿಸಲಾಯಿತು. ಇಂಥ ದಾವೆಗಳು ವರ್ಷಗಟ್ಟಲೆ ನಡೆಯುತ್ತವೆ. ಬಹುಶಃ ಅದಕ್ಕೇ ಕರ್ನಾಟಕವು 2024ರ ಮಾರ್ಚ್‌ನಲ್ಲಿ ಬರ ಪರಿಹಾರಕ್ಕಾಗಿ ಆ ದಾರಿ ಹಿಡಿಯದೆ 32ನೇ ವಿಧಿಯಡಿ, ಜನರ ಮೂಲಭೂತ ಹಕ್ಕಿನ ಹೆಸರಿನಲ್ಲಿ ರಿಟ್ ಅರ್ಜಿ ಸಲ್ಲಿಸಿತು. ರಾಜ್ಯ ಕೇಳಿದ್ದಕ್ಕಿಂತ ಬಹಳ ಕಡಿಮೆ ಮೊತ್ತವಾದರೂ, ಏಪ್ರಿಲ್ ಮುಗಿಯುವುದರೊಳಗೆ ಕೇಂದ್ರ ಬಿಡುಗಡೆ ಮಾಡಿತು.